ಮೊದಲ ಕ್ಯಾಮೆರಾ ಆರಿಸಿಕೊಡುವ ದಾಕ್ಷಾಯಿಣಕ್ಕ

ಬೆಳಗಿನ ಆರು ಗಂಟೆ. ಚಿತ್ರದುರ್ಗದ ಸಂತೆಪೇಟೆಯ ಗಲ್ಲಿಯಲ್ಲಿ ಅಂಗಡಿಗಳಿನ್ನೂ ಬಾಗಿಲು ತೆಗೆದಿಲ್ಲ. ಐವತ್ತೆರಡರ ದಾಕ್ಷಾಯಿಣಿ ಹಳೆಯ ದಿನಪತ್ರಿಕೆಯೊಂದನ್ನು ಎದುರುಗೋಡೆಗೆ ಅಂಟಿಸಿ, ನಾಲ್ಕೂ ಮೂಲೆಗಳನ್ನು ಅಂಗೈಯಿಂದ ಒತ್ತುತ್ತಾರೆ. "ಈಗ ಹೊಡಿಯವ್ವ" ಎನ್ನುತ್ತಾರೆ. ಕ್ಯಾಮೆರಾ ಹಿಡಿದ ಸ್ವಾತಿ ಖುಷಿಗೆ ನಿಂತಲ್ಲಿ ನಿಲ್ಲುತ್ತಿಲ್ಲ. ದಾಕ್ಷಾಯಿಣಿ ನಕ್ಕು ಕ್ಯಾಮೆರಾವನ್ನು ಅಲುಗದಂತೆ ಸ್ಟೂಲಿನ ಮೇಲಿಡುತ್ತಾರೆ.

ತಾಳ್ಯದ ಸ್ವಾತಿಗೆ ಇಪ್ಪತ್ತಮೂರು. ಹೊಳಲ್ಕೆರೆಯ ಜೆರಾಕ್ಸ್ ಅಂಗಡಿಯಲ್ಲಿ ಮೊಬೈಲಿನಲ್ಲೇ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಾ ಎರಡು ವರ್ಷದಲ್ಲಿ ಇಪ್ಪತ್ತಾರು ಸಾವಿರ ಕೂಡಿಟ್ಟಿದ್ದಾಳೆ. ಅದರಲ್ಲೇ ಮೊದಲ ಡಿಎಸ್‌ಎಲ್‌ಆರ್ ಬರಬೇಕು. ಭಾನುವಾರ ಸಿರಿಗೆರೆಯಲ್ಲಿ ತೊಟ್ಟಿಲು ಶಾಸ್ತ್ರ. ಅವಳು ಸ್ವಂತವಾಗಿ ಒಪ್ಪಿಕೊಂಡಿರುವ ಮೊದಲ ಕೆಲಸ. ಇವತ್ತಾಗಲೇ ಶುಕ್ರವಾರ.

ದಾಕ್ಷಾಯಿಣಿ ಕ್ಯಾಮೆರಾ ರಿಪೇರಿ ಮಾಡುವವರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಸ್ಟುಡಿಯೊ ಒಂದಕ್ಕೆ ಪ್ರಿಂಟ್ ತೊಳೆಯಲು ಸೇರಿದರು. ರೀಲಿನ ಕಾಲ ಮುಗಿದು ಸ್ಟುಡಿಯೊ ಮುಚ್ಚಿದಾಗ ಕೊನೆಯ ಸಂಬಳದ ಬದಲಿಗೆ ಸಿಕ್ಕಿದ್ದು ಕೆಟ್ಟ ಕ್ಯಾಮೆರಾಗಳ ಒಂದು ಪೆಟ್ಟಿಗೆ. "ಮೊದಲ್ನೇದು ಬಿಚ್ಚಿ ಜೋಡಿಸಿದ್ಮೇಲೆ ಏಳು ಸ್ಕ್ರೂ ಉಳ್ಕಂಡವು ಸಾರ್. ಆದ್ರೂ ಕ್ಲಿಕ್ ಅಂತು! ಆ ಸದ್ದಿಗೆ ನಾನು ಕುಣಿದೇ ಬಿಟ್ಟೆ" ಎಂದು ನನಗೆ ಹೇಳುತ್ತಾರೆ. ಈಗ ಹಿರಿಯೂರು, ಹೊಸದುರ್ಗದಿಂದ ಬಸ್ಸಿನಲ್ಲಿ ಕ್ಯಾಮೆರಾಗಳು ಬರುತ್ತವೆ. ದಿನಕ್ಕೆ ನಾಲ್ಕೈದಾದರೂ ಇವರ ಕೈಯಲ್ಲಿ ಬಿಚ್ಚಿಕೊಳ್ಳುತ್ತವೆ. ಮೊದಲ ಸಲ ಕೊಳ್ಳುವವರಿಗೆ ಆರಿಸಿಕೊಡುವ ಕೆಲಸಕ್ಕೆ ಮಾತ್ರ ಅವರು ಏನನ್ನೂ ತೆಗೆದುಕೊಳ್ಳುವುದಿಲ್ಲ.

ಅದರ ಹಿಂದೊಂದು ನೋವಿದೆ. ಎಂಟು ವರ್ಷದ ಹಿಂದೆ ಹೊಸದುರ್ಗದ ಪರಮೇಶ್‌ಗೆ ಇವರೇ ಒಂದು ಹಳೆಯ ಲೆನ್ಸ್ ಕೊಡಿಸಿದ್ದರು. ಅವಸರದಲ್ಲಿ ಟಾರ್ಚ್ ಹಾಕಿ ಒಳಗೆ ನೋಡಲಿಲ್ಲ. ಗಾಜಿಗೆ ಬೂಷ್ಟು ಹಿಡಿದಿತ್ತು. ಅವನ ತಂಗಿಯ ಮದುವೆಯ ಫೋಟೊಗಳೆಲ್ಲ ಮಂಜು ಕವಿದಂತೆ ಬಂದವು. "ಬೈಲಿಲ್ಲ ಅವ್ನು. 'ಅಕ್ಕಾ, ನೀವು ಹೇಳಿದ್ರಿ ಅಂತ ತಗಂಡೆ' ಅಂದ. ಅಷ್ಟೇ. ನಂಗೆ ವಾರ ಊಟ ಸೇರ್ಲಿಲ್ಲ." ತಮ್ಮದೇ ಲೆನ್ಸನ್ನು ಅವನಿಗೆ ಕೊಟ್ಟರು. ಅಂದಿನಿಂದ ಟಾರ್ಚ್ ಹಾಕಿ ನೋಡದೆ, ಬೆಳಗಿನ ಈ ಪರೀಕ್ಷೆ ಇಲ್ಲದೆ ಯಾರಿಗೂ ಏನನ್ನೂ ಕೊಡಿಸಿಲ್ಲ. "ಮಬ್ಬು ಬೆಳಕಲ್ಲೇ ಇವುಗಳ ಬಂಡವಾಳ ಗೊತ್ತಾಗಾದು." ಸ್ವಾತಿಯನ್ನು ಇಲ್ಲಿಗೆ ಕಳಿಸಿದವನೂ ಪರಮೇಶನೇ.

ಅಂಗಡಿಯೊಂದರಲ್ಲಿ ಸ್ವಾತಿಗೆ ಉದ್ದನೆಯ ಜೂಮ್ ಲೆನ್ಸ್ ಇರುವ ಹೊಸ ಸೆಟ್ಟನ್ನು ಕಂತಿನಲ್ಲಿ ಕೊಡುತ್ತೇವೆಂದಿದ್ದರಂತೆ. ದಾಕ್ಷಾಯಿಣಿ ಹಣೆ ಚಚ್ಚಿಕೊಳ್ಳುತ್ತಾರೆ. "ತೊಟ್ಲು ಶಾಸ್ತ್ರ ಮನೆ ಒಳಗೆ ಅಲ್ವೇನೆ? ಆ ಲೆನ್ಸ್ ಹಾಕ್ಕಂಡ್ರೆ ಮಗು ಮುಖ ಹಿಡಿಯಾಕೆ ಹಿಂದಿಂದಕ್ಕೆ ಸರಿದು ಬೀದಿಗೆ ಬಂದು ನಿಂತ್ಕಂತೀಯ!"

ಹಿರಿಯೂರಿನ ಮೇಷ್ಟ್ರೊಬ್ಬರು ಹೆಚ್ಚು ಬಳಸದೆ ಮಾರಿದ ಕ್ಯಾಮೆರಾವೊಂದನ್ನು ದಾಕ್ಷಾಯಿಣಿ ಆರಿಸಿಟ್ಟಿದ್ದಾರೆ; ಸ್ಟೂಲಿನ ಮೇಲಿರುವುದು ಅದೇ. ಜೊತೆಗಿರುವ ಚಿಕ್ಕ ಜೂಮ್ ಸೇರಿ ಹದಿನೇಳು ಸಾವಿರ. ಪತ್ರಿಕೆಯ ಅಕ್ಷರಗಳು ಮೂಲೆಯವರೆಗೂ ಸ್ಪಷ್ಟವಾಗಿ ಬಂದಿವೆ. ಆದರೆ ಪಕ್ಕದಲ್ಲಿ ಹೂ ಕಟ್ಟುತ್ತಿರುವ ಚಂದ್ರಕ್ಕನ ಫೋಟೊ ತೆಗೆದರೆ ಬೆರಳುಗಳು ಕಲಸಿಹೋಗಿವೆ. ಸ್ವಾತಿಯ ಮುಖ ಸಪ್ಪಗಾಗುತ್ತದೆ.

"ಕ್ಯಾಮೆರಾ ತಪ್ಪಲ್ಲ, ಬೆಳಕು ಸಾಲ್ದು" ಎನ್ನುತ್ತಾ ದಾಕ್ಷಾಯಿಣಿ ಐವತ್ತು ಎಂಎಂನ ಪುಟ್ಟ ಲೆನ್ಸ್ ಹಾಕುತ್ತಾರೆ. ಆರೂವರೆ ಸಾವಿರದ್ದು. ಇದರಲ್ಲಿ ಜೂಮ್ ಇಲ್ಲ, ಆದರೆ ಬೆಳಕನ್ನು ಹೆಚ್ಚು ಒಳಬಿಡುತ್ತದೆ. "ಈಗ ಹೊಡಿ."

ಕ್ಲಿಕ್. ಸ್ಕ್ರೀನ್ ನೋಡಿದ ಸ್ವಾತಿ ಕೂಗಿಕೊಳ್ಳುತ್ತಾಳೆ: "ಅಕ್ಕಾ! ದಾರದ ಎಳೆ ಸೈತ ಕಾಣ್ತೈತೆ!" ಚಂದ್ರಕ್ಕ ಹೂ ಬಿಟ್ಟು ಓಡಿಬರುತ್ತಾರೆ. "ನನ್ನ ಕೈ ಇಷ್ಟು ಚೆಂದ ಐತೇನೆ?" ಮೂವರೂ ಆ ಪುಟ್ಟ ಸ್ಕ್ರೀನಿಗೆ ತಲೆ ಸೇರಿಸುತ್ತಾರೆ. ನಾನೂ ಇಣುಕುತ್ತೇನೆ.

ಉಳಿದ ಹಣದಲ್ಲಿ ಮೆಮೊರಿ ಕಾರ್ಡು, ಇನ್ನೊಂದು ಬ್ಯಾಟರಿ. ಹೊಳಲ್ಕೆರೆ ಬಸ್ಸಿಗೆ ಹೊರಟ ಸ್ವಾತಿ ಚೀಲವನ್ನು ಎದೆಗೆ ಅವುಚಿಕೊಂಡಿದ್ದಾಳೆ.

ನಿಮಗೇನು ಆಸೆ ಎಂದು ದಾಕ್ಷಾಯಿಣಿಯವರನ್ನು ಕೇಳುತ್ತೇನೆ. ಅವರು ಕೈ ಒರೆಸಿಕೊಳ್ಳುತ್ತಾರೆ.

"ನನ್ ಕೈಗೆ ಬರೋವೆಲ್ಲ ಕೆಟ್ಟಿರೋವೇ ಸಾರ್, ಇಲ್ಲ ಯಾರಾದ್ರೂ ಬಳಸಿರೋವು. ಒಂದ್ ಸಲ ಸೀಲ್ ಇರೋ ಡಬ್ಬಿ ನಾನೇ ಒಡೀಬೇಕು. ನಂದೇ ಕ್ಯಾಮೆರಾ. ಆವತ್ತು ಮಾತ್ರ ಸ್ಕ್ರೂಡ್ರೈವರ್ ಮುಟ್ಟಲ್ಲ ನೋಡ್ರಿ!"