ಸುಭದ್ರಮ್ಮನ ಮಡಿನೀರು

ಶಿವಮೊಗ್ಗದ ಕೋಟೆ ಬೀದಿಯಲ್ಲಿ ಸುಭದ್ರಮ್ಮನ ಮಡಿಗೆ ಹೆದರದವರಿರಲಿಲ್ಲ. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ವೈಧವ್ಯ. ಆಮೇಲೆ ತವರು, ಅಪ್ಪನ ನಂತರ ತಮ್ಮನ ಮನೆ, ಬೋಳು ತಲೆ, ಕೆಂಪು ಸೀರೆ, ತುಂಗೆಯಿಂದ ತಾವೇ ಹೊತ್ತು ತರುವ ತಾಮ್ರದ ಬಿಂದಿಗೆ. ದಾರಿಯಲ್ಲಿ ಯಾರ ಸೆರಗು ತಾಗಿದರೂ ನೀರು ಚೆಲ್ಲಿ ಮತ್ತೆ ಹೊಳೆಗೆ ಇಳಿಯುವರು. ತಮ್ಮ ತೀರಿದ ಮೇಲೆ ಅವನ ಮಗ ನರಸಿಂಹಮೂರ್ತಿ ಯಜಮಾನನಾದದ್ದು ಹೆಸರಿಗೆ ಮಾತ್ರ.

ಐವತ್ತೆಂಟರ ಜೂನಿನಲ್ಲಿ ಮೂರ್ತಿಯ ಮಗಳು ಶಾಮಲಾ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತೇನೆಂದು ಹಟ ಹಿಡಿದಳು. ಕಪ್ಪೆ ಕೊಯ್ದ ಕೈ ತಮ್ಮ ಅಡುಗೆಮನೆಗೆ ಬೇಡವೆಂದು ಸುಭದ್ರಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಸೇರಲು ಉಳಿದಿದ್ದದ್ದು ಎರಡೇ ದಿನ.

ಶಾಮಲಾ ಸುಮ್ಮನಿರುವ ಪೈಕಿಯಲ್ಲ. ಭದ್ರಾವತಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ಸೋದರಮಾವನನ್ನು ಕಾಡಿ ಸೂಕ್ಷ್ಮದರ್ಶಕವೊಂದನ್ನು ತಂದಳು. ದೇವರ ಹೂವು ನೆನೆದು ಹಳತಾಗಿದ್ದ ಹೊಳೆನೀರಿನ ಹನಿಯೊಂದನ್ನು ಗಾಜಿನ ಮೇಲೆ ಬಿಟ್ಟು, ಅಜ್ಜಿಯ ಮಡಿಯ ಜಂಬ ಇವತ್ತಿಗೆ ಇಳಿಯಿತೆಂದು ಒಳಗೊಳಗೇ ನಗುತ್ತ ಕರೆದಳು.

ಸುಭದ್ರಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಏನನ್ನೂ ಮುಟ್ಟದೆ, ಕಣ್ಣು ಮಾತ್ರ ಇಟ್ಟು ನೋಡಿದರು. ಚಪ್ಪಲಿಯಾಕಾರದ ಏನೇನೋ ಓಡಾಡುತ್ತಿದ್ದವು. ಇದರ ಇಡೀ ಮೈಯೇ ಒಂದು ಜೀವಕೋಶ, ಮೈಮೇಲಿನ ಕೂದಲು ಬೀಸಿ ಈಜುತ್ತದೆ, ಪಕ್ಕದ ಸೀಳಿನಲ್ಲಿ ಉಣ್ಣುತ್ತದೆ, ಒಳನುಗ್ಗಿದ ನೀರನ್ನು ಆಗಾಗ ಹೊರಗೆ ತಳ್ಳುತ್ತದೆ ಎಂದೆಲ್ಲ ಶಾಮಲಾ ವಿವರಿಸಿದಳು. ಇಷ್ಟು ವರ್ಷ ಇವುಗಳ ಸಹವಾಸದಲ್ಲೇ ಮಡಿ ಮಾಡಿದಿರೆಂದು ಚುಚ್ಚಲೂ ಮರೆಯಲಿಲ್ಲ.

"ಹಗಲೂ ರಾತ್ರಿ ತುಂಗೇಲೇ ಮುಳುಗಿರೋವು ಕಣೇ," ಎಂದರು ಸುಭದ್ರಮ್ಮ. "ನಿನಗಿಂತ ಅವೇ ಮಡಿ."

ಅಷ್ಟರಲ್ಲಿ ಒಂದು ಜೀವಿಯ ನಡು ಸಣ್ಣಗಾಗತೊಡಗಿತು. ಸುಭದ್ರಮ್ಮ ಕಣ್ಣು ತೆಗೆಯಲಿಲ್ಲ. ಊಟದ ಹೊತ್ತು ಮೀರಿತು. ಕೊನೆಗೆ ಅದು ಎರಡಾಗಿ, ಎರಡೂ ಬೇರೆ ಬೇರೆ ದಿಕ್ಕಿಗೆ ಹೊರಟವು.

ಸುಭದ್ರಮ್ಮನಿಗೆ ಗಾಬರಿಯಾಯಿತು. ದೇವರ ನೀರಿನಲ್ಲೇ ಹೆರಿಗೆಯಾದರೆ ಪುರುಡು ಎಷ್ಟು ದಿನ? ಇದರಲ್ಲಿ ತಾಯಿ ಯಾವುದು? ಅದು ಸತ್ತರೆ ಸೂತಕವೂ ಸೇರಿಕೊಳ್ಳುವುದಿಲ್ಲವೇ?

ತಾಯಿಯೂ ಇಲ್ಲ, ಮಗುವೂ ಇಲ್ಲ, ಮೊದಲಿದ್ದದ್ದೇ ಎರಡಾಯಿತು, ಅದಕ್ಕೆ ಗಂಡನೂ ಬೇಕಾಗಲಿಲ್ಲ ಎಂದು ಶಾಮಲಾ ನಕ್ಕಳು.

"ಗಂಡ ಸಾಯೋ ಮಾತೇ ಇಲ್ಲ ಅನ್ನು."

"ಇಲ್ಲ ಅಜ್ಜಿ."

ಕಣ್ಣಿಗೂ ಕಾಣದ ಆ ಜೀವಿಯ ಮೇಲೆ ಸುಭದ್ರಮ್ಮನಿಗೆ ಹೊಟ್ಟೆಕಿಚ್ಚಾಯಿತು. ಶಾಮಲಾಳ ನಗು ನಿಂತಿತು. ಅಜ್ಜಿ ನಡುಮನೆಯ ಕಡೆ ತಿರುಗಿದರು.

"ಮೂರ್ತಿ, ನಾಳೆ ಇವಳನ್ನ ಕಾಲೇಜಿಗೆ ಸೇರಿಸಿ ಬಾ. ಓದು ಮುಗಿಯೋವರೆಗೂ ಈ ಮನೇಲಿ ಯಾರೂ ಇವಳ ಮದುವೆ ಸುದ್ದಿ ಎತ್ತಕೂಡದು."