ಆರನೇ ಕಂತಿನ ಕುರ್ಚಿಗಳು

ಹೊಲಿಗೆ ಟೀಚರ್ ಅಲಮೇಲು ತಮ್ಮ ಪರಮಾಭಿಮಾನಿಯೆಂದು ಹಾಸ್ಯಸಾಹಿತಿ ಜಯಸಿಂಹ ನಂಬಿಬಿಟ್ಟಿದ್ದರು. ನಂಬುವುದಕ್ಕೆ ಕಾರಣವೂ ಇತ್ತು. ಮನೆಮನೆಗೂ ಹೆಣ್ಣು ನೋಡಲು ಹೋಗಿ, ಸಜ್ಜಿಗೆ-ಬಜ್ಜಿ ಮುಗಿಸಿ, 'ಕಾಗದ ಬರೀತೀವಿ' ಎಂದು ಕೈ ತೊಳೆದುಕೊಳ್ಳುವ ವರನೊಬ್ಬನ ಕಥೆಯನ್ನು ಅವರು ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದಿದ್ದರು. ಈಗ, ೧೯೬೪ರಲ್ಲಿ, ಅದು ಪುಸ್ತಕವಾಗುವ ಯೋಗ ಬಂತು. ಆದರೆ ಪತ್ರಿಕೆ ನಿಂತುಹೋಗಿತ್ತು. ಮನೆಯಲ್ಲಿದ್ದ ಸಂಚಿಕೆಗಳನ್ನು ಅವರ ಧರ್ಮಪತ್ನಿ ಹಳೇ ಪೇಪರಿನವನ ತಕ್ಕಡಿಗೆ ಹಾಕಿ ಕೈ ಝಾಡಿಸಿಕೊಂಡಿದ್ದರು. ಅಷ್ಟರಲ್ಲಿ ಜಯನಗರದ ಟೀಚರೊಬ್ಬರು ಅಷ್ಟೂ ಕಂತುಗಳನ್ನು ಹರಿದಿಟ್ಟು, ತಾವೇ ಹೊಲಿದು ಬೈಂಡ್ ಮಾಡಿದ್ದಾರೆಂಬ ಸುದ್ದಿ ಸಿಕ್ಕಿತು. ಜಯಸಿಂಹ ಸಿಲ್ಕ್ ಜುಬ್ಬ ತೊಟ್ಟು ಹೊರಟರು. ಅಭಿಮಾನಿಯ ಮನೆಗೆ ಹೋಗುವಾಗ ಜುಬ್ಬ ಮುಖ್ಯ.

ಅಲಮೇಲು ಚಾಪೆ ಹಾಸಿದಳು. ಆ ಮನೆಯಲ್ಲಿ ಕುರ್ಚಿ ಇರಲಿಲ್ಲ. ಜಯಸಿಂಹ ಹೊಟ್ಟೆ ಸಂಭಾಳಿಸುತ್ತ ಕೂತರು. ಅವಳ ಗುರುತು ಅವರಿಗೆ ಹತ್ತಲಿಲ್ಲ.

ಅವಳಿಗೆ ಹತ್ತಿತ್ತು. ಹಿಂದೊಮ್ಮೆ, ಅಪ್ಪ-ಮಗಳು ಬಸವನಗುಡಿಯ ವಠಾರದಲ್ಲಿದ್ದಾಗ, ಇದೇ ಜಯಸಿಂಹ ಅವಳನ್ನು ನೋಡಲು ಬಂದಿದ್ದರು. ಅಪ್ಪ ಪಕ್ಕದ ಮನೆಯ ಏಕಾಂತಯ್ಯನವರ ಕುರ್ಚಿಗಳನ್ನು ಕೇಳಿ ತಂದು, ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಅವರ ಹೆಸರು ಕಾಣದ ಹಾಗೆ ಗೋಡೆಗೆ ಒತ್ತಿ ಇಟ್ಟಿದ್ದರು. ಬಜ್ಜಿ ಅರ್ಧಕ್ಕೆ ಬಂದಿರಬೇಕು, ಬಾಗಿಲಲ್ಲಿ ಏಕಾಂತಯ್ಯ. "ತಪ್ಪು ತಿಳೀಬೇಡಿ ಸ್ವಾಮಿ, ನಮ್ಮನೆಗೂ ಬೀಗರು ಬಂದ್ಬಿಟ್ರು…" ಕುರ್ಚಿಗಳು ಹೋದವು. ತಟ್ಟೆ ಹಿಡಿದು ನಿಂತ ವರನಿಗೆ ಅಪ್ಪ ಬೀಸಣಿಗೆ ಬೀಸುತ್ತ, "ನಿಂತ್ಕೊಂಡ್ರೇ ಗಾಳಿ ಚೆನ್ನಾಗಿ ಬರುತ್ತೆ" ಎಂದರು. ವರ ನಿಂತೇ ಬಜ್ಜಿ ಮುಗಿಸಿದ. ಕಾಗದ ಬರಲಿಲ್ಲ. ತಟ್ಟೆಗಳನ್ನು ಅಲಮೇಲು ತೊಳೆದಳು.

ಕೆಲವು ವರ್ಷಗಳ ಮೇಲೆ ಧಾರಾವಾಹಿ ಶುರುವಾಯಿತು. ಅಪ್ಪನಿಗೆ ಕಣ್ಣು ಮಂಜು. ಅವಳೇ ಓದಿ ಹೇಳುತ್ತಿದ್ದಳು. ಐದು ವಾರ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರದೋ ಮನೆಯಲ್ಲಿ ಸಜ್ಜಿಗೆ ಸೀದಿತ್ತು, ಇನ್ಯಾರದೋ ಮಗಳು ಹಾಡುವಾಗ ನಾಯಿ ಊಳಿಟ್ಟಿತ್ತು. "ಪಾಪ, ಯಾರ ಮನೇದೋ!" ಎಂದು ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. ಆರನೇ ವಾರ ಕುರ್ಚಿಗಳು ಬಂದವು. ಅಲಮೇಲು ಪತ್ರಿಕೆಯನ್ನು ತೊಡೆಯ ಮೇಲಿಟ್ಟಳು.

"ಯಾಕೆ ನಿಲ್ಲಿಸ್ದೆ? ಓದು," ಎಂದರು ಅಪ್ಪ.

ಓದಿದಳು. ಬೀಸಣಿಗೆಯ ಮಾತು ಒಂದಕ್ಷರ ಬದಲಾಗದೆ ಅಲ್ಲಿತ್ತು.

"ಚೆನ್ನಾಗಿ ಬರ್ದಿದಾನೆ," ಎಂದು ಅಪ್ಪ ಗೋಡೆಯ ಕಡೆ ಹೊರಳಿದರು.

ವಠಾರದಲ್ಲೂ ಓದು ಬಲ್ಲವರಿದ್ದರು. ಮಕ್ಕಳು 'ಗಾಳಿ ತಾತ' ಎಂದು ಕೂಗತೊಡಗಿದ ಮೇಲೆ ಅಪ್ಪ ಬೀದಿಗಿಳಿಯುವುದನ್ನೇ ಬಿಟ್ಟರು. ಮನೆಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಜಯನಗರಕ್ಕೆ ಅಲಮೇಲು ಅವರನ್ನು ಕರೆತಂದಳು. ಸಂಬಳ ಬಂದಾಗ ಕುರ್ಚಿ ತರುತ್ತೇನೆಂದರೆ, "ಬೇಡ" ಎಂದರು. ಸಾಯುವವರೆಗೂ ಕುರ್ಚಿಯ ಮೇಲೆ ಕೂರಲಿಲ್ಲ.

ಆ ದಿನಗಳಲ್ಲೇ ಇನ್ನೊಂದು ಪತ್ರಿಕೆಯಲ್ಲಿ ಒಂದು ದುಃಖದ ಧಾರಾವಾಹಿ ಬರುತ್ತಿತ್ತು. ವರ ಒಪ್ಪದ ಹುಡುಗಿ ಬೆಳದಿಂಗಳಲ್ಲಿ ಕೂದಲು ಬಿಚ್ಚಿಕೊಂಡು ಕೆರೆಗೆ ಹಾರುವ ಕಥೆ. ಸ್ಕೂಲಿನ ಕಮಲಾದೇವಿ ಟೀಚರ್ ಅತ್ತೂ ಅತ್ತೂ ಮೂಗು ಕೆಂಪು ಮಾಡಿಕೊಂಡು ಅದನ್ನು ಇವಳಿಗೆ ಕೊಟ್ಟರು. ಇವಳಿಗೆ ಅಳು ಬರಲಿಲ್ಲ. ಎರಡನ್ನೂ, ಇದರದೊಂದು ಕಂತು ಅದರದೊಂದು ಕಂತು, ಗೋಣಿಸೂಜಿಯಿಂದ ಒಟ್ಟಿಗೆ ಹೊಲಿದಳು.

ಆ ಸಂಪುಟವೇ ಈಗ ಜಯಸಿಂಹರ ತೊಡೆಯ ಮೇಲಿತ್ತು.

"ಇದೇನ್ರೀ ಇದು, ನನ್ನ ಹಾಸ್ಯದ ಮಧ್ಯೆ ಮಧ್ಯೆ ಈ ಅಳುಮುಂಜಿ?"

"ಎರಡ್ರಲ್ಲೂ ಹೆಣ್ಣು ನೋಡೋಕೆ ಬರ್ತಾರೆ," ಎಂದಳು ಅಲಮೇಲು. "ನೀವು ನಗಿಸ್ತೀರಿ, ಅವರು ಕೆರೆಗೆ ಹಾಕ್ತಾರೆ. ತಟ್ಟೆ ತೊಳೆಯೋರು ಎರಡ್ರಲ್ಲೂ ಇಲ್ಲ."

ಜಯಸಿಂಹ ಇದನ್ನು ಹೊಗಳಿಕೆಯ ಲೆಕ್ಕಕ್ಕೆ ಸೇರಿಸಿಕೊಂಡು ಹಾಳೆ ತಿರುವಿದರು. ಮತ್ತೆ ತಿರುವಿದರು.

"ಆರನೇ ಕಂತೆಲ್ಲಿ?"

"ಬಚ್ಚಲೊಲೆಗೆ ಹಾಕ್ದೆ."

"ಅಯ್ಯಯ್ಯೋ! ಅದೇ ಕಣ್ರೀ ನನ್ನ ಮಾಸ್ಟರ್‌ಪೀಸು! ಅದಿಲ್ದೆ ಪುಸ್ತಕ ಹೇಗ್ರೀ? ಮತ್ತೆ ಬರೆಯೋಣ ಅಂದ್ರೆ, ಬೀಸಣಿಗೆ ಹಿಡ್ಕೊಂಡು ಆ ಮುದುಕ ಏನೋ ಅಂತಾನಲ್ಲ, ಆ ಮಾತೇ ಮರ್ತುಹೋಗಿದೆ. ಪ್ರಾಣವೇ ಅದು!" ತಟ್ಟನೆ ಮುಖ ಅರಳಿತು. "ನಿಮಗೆ ನೆನಪಿರ್ಬೇಕಲ್ಲ?"

"ಇದೆ."

ಜುಬ್ಬದ ಜೇಬಿನಿಂದ ಪೆನ್ನು ಹೊರಬಂತು. "ಹೇಳಿ ಹೇಳಿ."

"ಹೇಳಲ್ಲ."

ಪೆನ್ನಿನ ಮುಚ್ಚಳ ಕೈಯಲ್ಲೇ ಉಳಿಯಿತು. ಜಯಸಿಂಹ ನಿಜವಾಗಿಯೂ ಅರ್ಥವಾಗದೆ ಅವಳನ್ನು ನೋಡಿದರು.

"ಯಾಕ್ರೀ, ಅದರಲ್ಲಿ ನಿಮಗೆ ನಗು ಬರ್ಲಿಲ್ವೆ?"

"ಕುರ್ಚಿ ಪಕ್ಕದ್ಮನೇದು, ಸ್ವಾಮಿ. ಅಪ್ಪ ನಮ್ಮವ್ರು."