ಮುದ್ದೆ ಅಗಿದ ಮಮತಾ

ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಮಮತಾ ಮೂವತ್ತೆರಡನೇ ವಯಸ್ಸಿನಲ್ಲಿ ಉಬ್ಬುಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಳು. ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವರ ಗಂಟೇನು ಹೋಯಿತು? ಬುದ್ಧಿ ಬಂದಾಗಿನಿಂದ ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕವಳಿಗೆ ಒಂದು ಸಲ ಬಾಯಿತುಂಬ ನಗುವ ಆಸೆ ಇರಬಾರದೇ?

ಕಡಲೆಕಾಯಿ, ಚಕ್ಕುಲಿ, ಕೊಬ್ಬರಿ, ಕಬ್ಬು ಯಾವುದನ್ನೂ ಮುಟ್ಟಬೇಡಿ ಎಂದಿದ್ದರು ಚಿತ್ರದುರ್ಗದ ಹಲ್ಲಿನ ಡಾಕ್ಟರು. ಅವಳು ಚಾಚೂ ತಪ್ಪಲಿಲ್ಲ. ಮಧ್ಯಾಹ್ನ ಗಾಡಿಯಿಲ್ಲದ ಹೊತ್ತಿನಲ್ಲಿ ಹುರಿದ ಕಡಲೆಕಾಯಿಯ ವಾಸನೆ ತೇಲಿಬಂದರೆ ಕಣ್ಣು ತಾವಾಗಿ ಮುಚ್ಚುತ್ತಿದ್ದವು. ಅಜ್ಜಿಯ ಊರು ಬಾಗೂರಿನ ಹೊಲ, ಆಗತಾನೇ ಕಿತ್ತ ಗಿಡ, ಬುಡದಲ್ಲಿ ಮಣ್ಣು ಮೆತ್ತಿದ ಕಾಯಿಗೊಂಚಲು. ಕನಸಿನಲ್ಲಿ ಕುಟುಂ ಕುಟುಂ ಅಗಿಯುತ್ತಲೇ ಇರುತ್ತಿದ್ದಳು. "ದುರ್ಗಕ್ಕೆರಡು ಕೊಡ್ರಿ ಮೇಡಂ" ಎಂದು ಯಾರೋ ಗಾಜು ಬಡಿದಾಗ ಬಾಯಲ್ಲಿ ಬರೀ ತಂತಿ ಇರುತ್ತಿತ್ತು.

ಇಷ್ಟು ನೇಮ ಮಾಡಿದರೂ ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸಿದ್ದ ಪುಟ್ಟ ಬಿಲ್ಲೆ ಎರಡು ಸಲ ಕಿತ್ತುಬಂತು. ಮೂರನೇ ಸಲ ಕಿತ್ತರೆ ಪೂರ್ತಿ ತೆಗೆದೇಬಿಡುತ್ತೇನೆಂದು ಡಾಕ್ಟರು ಸಿಡುಕಿದರು. ತೆಗೆದರೆ ಮತ್ತೆ ಹಾಕಿಸಿಕೊಳ್ಳುವ ಧೈರ್ಯ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಭಾನುವಾರ ಬಾಗೂರಿಗೆ ಹೋದಳು. ಬೊಚ್ಚುಬಾಯಿಯ ಅಜ್ಜಿ ಏಕನಾಥಮ್ಮ ಬಿಸಿಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಮೆತ್ತಗಿನ ಊಟ, ಭಯವಿಲ್ಲ ಎಂದು ಮಮತಾ ತುತ್ತು ಬಾಯಿಗಿಟ್ಟಳು.

"ಅಯ್ಯೋ, ಮುದ್ದೆ ಅಗೀತಾರೇನೇ!" ಅಜ್ಜಿ ಹೌಹಾರಿದಳು.

"ಹಾಸ್ಟೆಲ್ಲಾಗಿಂದ್ಲೂ ಹಿಂಗೇ ತಿಂತೀನಿ ಕಣಜ್ಜಿ."

"ಅಗಿದ್ರೆ ತಂತಿಗೆಲ್ಲ ಮೆತ್ಕಳಲ್ವೇನೇ?"

"ಮೆತ್ಕಂತೈತೆ. ಆಮೇಲೆ ಪಿನ್ನಾಗೆ ಕೆದಕಿ ತೆಗೀತೀನಿ…"

ಹೇಳುತ್ತಿದ್ದಂತೆಯೇ ಅವಳ ಕೈ ನಿಂತುಹೋಯಿತು. ಬಿಲ್ಲೆಗಳನ್ನು ಕಿತ್ತದ್ದು ಬೇರೇನೂ ಅಲ್ಲ, ಮುದ್ದೆ ಕೆದಕುವ ಆ ಪಿನ್ನು!

"ತಾಯಿಲ್ದ ಕೂಸು ಅಂತ ಹಾಸ್ಟೆಲ್ಲಿಗೆ ಹಾಕ್ದೆ. ಮುದ್ದೆ ನುಂಗೋದೂ ಕಲಿಸ್ಲಿಲ್ಲ, ನಂದೇ ತಪ್ಪು ಕಣವ್ವ." ಅಜ್ಜಿ ಸಣ್ಣ ತುತ್ತು ಮುರಿದು, ಸಾರಲ್ಲಿ ಹೊರಳಿಸಿ, ಮೊಮ್ಮಗಳ ನಾಲಿಗೆಯ ಹಿಂದಕ್ಕಿಟ್ಟಳು. "ಹಲ್ಲಿಗೆ ತಾಗಿಸ್ಬ್ಯಾಡ, ನುಂಗು."

ಗಂಟಲಲ್ಲಿ ಬೆಚ್ಚಗೆ ಜಾರಿಹೋಯಿತು.

"ಇನ್ನೆಷ್ಟು ತಿಂಗ್ಳು ಬೇಕಂತೆ?"

"ಎಂಟು."

ಅಜ್ಜಿ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ಮಂಜುಗಣ್ಣು ಕಿರಿದು ಮಾಡಿ ನೋಡಿದಳು. "ಅಷ್ಟ್ರತಂಕ ನಂಗೆ ಕಣ್ಣು ಕಾಣ್ತೈತೆ ಬಿಡು. ಅದಕ್ಕಿಂತ ತಡ ಮಾಡ್ಬ್ಯಾಡ."

ಮಮತಾ ಮುಂದಿನ ತುತ್ತಿಗೆ ಬಾಯಿ ತೆರೆದಳು.